ದಶಕದ ಟಾಪ್ 10 ಸಿನಿಮಾ ಪಟ್ಟಿ: ಜಗಳವಾಗದ ಹಾಗೆ ವಾದ ಮಾಡುವುದು ಹೇಗೆ?

"ಏಳೆಂಟು ಜನ ಗೆಳೆಯರು ಸೇರಿ ದಶಕದ ಟಾಪ್ 10 ಸಿನಿಮಾ ಆರಿಸೋಣ ಅಂತ ಕೂತೆವು, ಅರ್ಧದಲ್ಲೇ ಮುನಿಸು ಶುರುವಾಗಿ ಪಟ್ಟಿ ಅಲ್ಲಿಗೇ ನಿಂತಿತು. ಎಲ್ಲಿ ತಪ್ಪಿದೆವು?" ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಹಾಗಾಗಿ ಎಲ್ಲರಿಗೂ ಸೇರಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇಂಥ ಜಗಳಗಳಲ್ಲಿ ಹೆಚ್ಚಿನವು ಸಿನಿಮಾದ ಬಗ್ಗೆ ಇರುವುದೇ ಇಲ್ಲ. ಒಬ್ಬರ ಮನಸ್ಸಿನಲ್ಲಿ "ಅತ್ಯುತ್ತಮ" ಅಂದರೆ ಕಟ್ಟಿದ ರೀತಿ ಗಟ್ಟಿಯಾಗಿರುವುದು, ಇನ್ನೊಬ್ಬರಿಗೆ ಎಷ್ಟು ಸಲ ನೋಡಿದರೂ ಬೇಸರ ತರದ್ದು, ಮತ್ತೊಬ್ಬರಿಗೆ ಆಮೇಲೆ ಬಂದವರೆಲ್ಲ ಅನುಸರಿಸಿದ್ದು. ಮೂವರೂ ಮೂರು ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಾ, ಎದುರಿನವರ ಉತ್ತರ ತಪ್ಪು ಅಂತ ಕೂಗಾಡುತ್ತಿರುತ್ತಾರೆ. ಆದ್ದರಿಂದ ಸಿನಿಮಾದ ಹೆಸರು ಬಾಯಿಗೆ ಬರುವ ಮುಂಚೆ ನಿಯಮ ಕಾಗದದ ಮೇಲೆ ಬರಬೇಕು. ಮುಂದಿನ ಹಂತಗಳಲ್ಲಿ ಅರ್ಧದಷ್ಟು ಈ ಒಂದು ಕೆಲಸಕ್ಕೇ ಮೀಸಲು.

ಬೇಕಾದದ್ದು ಸ್ವಲ್ಪವೇ. ಐದರಿಂದ ಹನ್ನೆರಡು ಜನ, ಎಲ್ಲರೂ ತೆರೆದು ನೋಡಬಹುದಾದ ಒಂದು ಸ್ಪ್ರೆಡ್‌ಶೀಟ್ ಅಥವಾ ದೊಡ್ಡ ನೋಟ್‌ಬುಕ್, ಒಂದರಿಂದ ಎರಡು ತಿಂಗಳ ಸಮಯ. ಜೊತೆಗೆ ಲೆಕ್ಕ ಹಿಡಿಯಲು ಒಬ್ಬರು. ಅವರೂ ಮತ ಹಾಕಬಹುದು, ಆದರೆ ಎಲ್ಲರಿಗಿಂತ ಮೊದಲು ಹಾಕಿ ಮುಚ್ಚಿಡಬೇಕು, ಏಕೆಂದರೆ ಆಮೇಲೆ ಬರುವ ಚೀಟಿಗಳನ್ನೆಲ್ಲ ನೋಡುವವರು ಅವರೇ ಅಲ್ವಾ.

1. ದಶಕ ಯಾವುದು ಅಂತ ಬರೆದುಕೊಳ್ಳಿ

ಕೇಳಲು ಸುಲಭ ಅನ್ನಿಸುತ್ತದೆ. ಆದರೆ 2010ರಿಂದ 2019ರವರೆಗೋ, 2011ರಿಂದ 2020ರವರೆಗೋ? ಕ್ರಿಸ್ತಶಕದಲ್ಲಿ ಸೊನ್ನೆ ಅನ್ನುವ ವರ್ಷ ಇಲ್ಲ, ಆದ್ದರಿಂದ ಕಟ್ಟುನಿಟ್ಟಾಗಿ ಎಣಿಸುವವರು ಎರಡನೆಯದೇ ಸರಿ ಅನ್ನುತ್ತಾರೆ. ಮಾತಿನ ರೂಢಿಯಲ್ಲಿ ಮಾತ್ರ "ಎಂಬತ್ತರ ದಶಕ" ಅಂದರೆ 1980ರಿಂದ 1989. ನನ್ನ ಸಲಹೆ ರೂಢಿಯ ಜೊತೆ ಹೋಗಿ ಅಂತ.

ಇದಕ್ಕಿಂತ ಜಾಸ್ತಿ ತಲೆನೋವು ಸಿನಿಮಾದ ವರ್ಷ ಯಾವುದು ಅನ್ನುವುದು. ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಒಂದು ವರ್ಷ, ಚಿತ್ರಮಂದಿರಕ್ಕೆ ಬರುವುದು ಇನ್ನೊಂದು ವರ್ಷ ಆಗುವುದು ತೀರಾ ಸಾಮಾನ್ಯ. ನಮಗೆಲ್ಲ ಗೊತ್ತಿರುವ 'ತಿಥಿ'ಯನ್ನೇ ನೋಡಿ. ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ತೆರೆ ಕಂಡದ್ದು 2015ರಲ್ಲಿ, ಚಿತ್ರಮಂದಿರಕ್ಕೆ ಬಂದದ್ದು 2016ರಲ್ಲಿ. ಎರಡೂ ಒಂದೇ ದಶಕದೊಳಗೆ ಇರುವುದರಿಂದ ತೊಂದರೆ ಇಲ್ಲ. ಆದರೆ ಕೆಲ್ಲಿ ರೈಕಾರ್ಟ್ ನಿರ್ದೇಶನದ 'ಫಸ್ಟ್ ಕೌ' 2019ರಲ್ಲಿ ಟೆಲ್ಯುರೈಡ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟು 2020ರಲ್ಲಿ ಬಿಡುಗಡೆಯಾಯಿತು. ಇದು ಯಾವ ದಶಕದ ಸಿನಿಮಾ? ಎರಡಕ್ಕೂ ಸಮರ್ಥನೆ ಇದೆ. ಸಾರ್ವಜನಿಕರಿಗೆ ಜಗತ್ತಿನಲ್ಲಿ ಎಲ್ಲಿಯಾದರೂ ಮೊದಲ ಸಲ ತೋರಿಸಿದ ವರ್ಷವನ್ನು ಹಿಡಿಯಿರಿ, ಚಿತ್ರೋತ್ಸವವೂ ಸೇರಿ. ಈ ನಿಯಮದಲ್ಲಿ ಎಲ್ಲರಿಗೂ ಒಂದೇ ಉತ್ತರ ಸಿಗುತ್ತದೆ. ನೀವು ನೋಡಿದ ವರ್ಷವನ್ನು ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿ.

2. ಯಾವುದು ಲೆಕ್ಕಕ್ಕೆ, ಯಾವುದು ಇಲ್ಲ

ಸಾಕ್ಷ್ಯಚಿತ್ರ ಬರಬಹುದೇ? ಕಿರುಚಿತ್ರ? ಟೀವಿಗಾಗಿ ಮಾಡಿದ್ದು? ಆರು ಕಂತಿನ ಸರಣಿಯನ್ನು "ಇದು ಉದ್ದದ ಸಿನಿಮಾ ತಾನೆ" ಅಂತ ತರುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಇವಕ್ಕೆಲ್ಲ ಹೌದು ಅಥವಾ ಇಲ್ಲ ಅಂತ ಒಂದೊಂದು ಸಾಲು ಬರೆದುಬಿಡಿ. ಯಾವ ಉತ್ತರವಾದರೂ ನಡೆಯುತ್ತದೆ, ಮಧ್ಯದಲ್ಲಿ ಬದಲಾಯಿಸಬಾರದು ಅಷ್ಟೇ.

ಎರಡು ವಿಷಯ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕಾದವು. ಮೊದಲನೆಯದು ಆವೃತ್ತಿ. 'ಬ್ಲೇಡ್ ರನ್ನರ್' 1982ರಲ್ಲಿ ಚಿತ್ರಮಂದಿರಕ್ಕೆ ಬಂತು, 1992ರಲ್ಲಿ ಡೈರೆಕ್ಟರ್ಸ್ ಕಟ್ ಬಂತು, 2007ರಲ್ಲಿ ಫೈನಲ್ ಕಟ್ ಬಂತು. ಡೈರೆಕ್ಟರ್ಸ್ ಕಟ್ ಅಂದರೆ ನಿರ್ದೇಶಕರ ಇಷ್ಟದಂತೆ ಮತ್ತೆ ಸಂಕಲನ ಮಾಡಿದ ಆವೃತ್ತಿ. 1982ರ ಆವೃತ್ತಿಯಲ್ಲಿ ನಾಯಕನ ಹಿನ್ನೆಲೆ ಮಾತು ಇದೆ, ಆಮೇಲಿನವುಗಳಲ್ಲಿ ಇಲ್ಲ, ಮುಗಿಯುವ ರೀತಿಯೂ ಬೇರೆ. ಇಬ್ಬರು ಇದರ ಬಗ್ಗೆ ಒಂದು ಗಂಟೆ ವಾದ ಮಾಡಿ, ಕೊನೆಗೆ ಇಬ್ಬರೂ ನೋಡಿದ್ದು ಬೇರೆ ಬೇರೆ ಆವೃತ್ತಿ ಅಂತ ಗೊತ್ತಾದರೆ ಎಷ್ಟು ವ್ಯರ್ಥ! ಇಂಥ ಸಿನಿಮಾ ಪಟ್ಟಿಗೆ ಬಂದರೆ ಯಾವ ಆವೃತ್ತಿ ಅಂತ ಪಕ್ಕದಲ್ಲೇ ಬರೆಯಿರಿ.

ಎರಡನೆಯದು ಸರಣಿ ಸಿನಿಮಾಗಳು. ಮೊದಲ ಭಾಗ, ಎರಡನೇ ಭಾಗ ಸೇರಿಸಿ ಒಂದೋ, ಬೇರೆ ಬೇರೆಯೋ? ಇದು ಫಲಿತಾಂಶವನ್ನು ಎಷ್ಟು ಅಲ್ಲಾಡಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಇದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಪಡೆದು ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 2002ರಲ್ಲಿ 'ದಿ ಗಾಡ್‌ಫಾದರ್'ನ ಮೊದಲೆರಡು ಭಾಗಗಳ ಮತವನ್ನು ಕೂಡಿಸಿದ್ದರು, ಜೋಡಿಗೆ 4ನೇ ಸ್ಥಾನ ಸಿಕ್ಕಿತು. 2012ರಲ್ಲಿ ಎರಡನ್ನೂ ಬೇರೆಯಾಗಿ ಎಣಿಸಿದರು, ಮೊದಲ ಭಾಗ 21ಕ್ಕೆ, ಎರಡನೆಯದು 31ಕ್ಕೆ ಇಳಿಯಿತು. ಎಣಿಸುವ ರೀತಿ ಬದಲಾದ ಮೇಲೆ ಎರಡೂ ಮೊದಲ ಹತ್ತರಿಂದಲೇ ಹೊರಗೆ. ನನಗಂತೂ ಬೇರೆ ಬೇರೆ ಎಣಿಸುವುದೇ ಸರಿ ಅನ್ನಿಸುತ್ತದೆ. ಒಂದೇ ಸಲ ಚಿತ್ರೀಕರಿಸಿ ಒಂದೇ ಕಥೆಯನ್ನು ಎರಡಾಗಿ ಕತ್ತರಿಸಿದ ಸಿನಿಮಾಗಳಿಗೆ ಮಾತ್ರ ರಿಯಾಯಿತಿ ಕೊಡಬಹುದು.

3. "ಅತ್ಯುತ್ತಮ" ಅಂದರೆ ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

ಜನ ದಾಟಿ ಹೋಗುವ ಹಂತ ಇದು, ಮುಖ್ಯವಾದ ಹಂತವೂ ಇದೇ. ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಒಂದೇ ಪದದಲ್ಲಿ ಅಡಗಿ ಕೂತಿರುತ್ತವೆ. ಕಸುಬಿನಲ್ಲಿ, ಅಂದರೆ ಬರವಣಿಗೆ, ನಟನೆ, ಛಾಯಾಗ್ರಹಣ, ಸಂಕಲನ, ಶಬ್ದದಲ್ಲಿ ಯಾವುದು ಮೇಲು? ನನಗೆ ವೈಯಕ್ತಿಕವಾಗಿ ಯಾವುದು ಹತ್ತಿರ? ಯಾವುದರ ಪ್ರಭಾವ ದೊಡ್ಡದು? ಆ ಹತ್ತು ವರ್ಷಗಳ ಬದುಕು ಹೇಗಿತ್ತು ಅಂತ ಮುಂದೆ ಯಾರಾದರೂ ಕೇಳಿದರೆ ಯಾವುದನ್ನು ತೋರಿಸುತ್ತೀರಿ?

ಗುಂಪು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ, ಅಥವಾ ಎರಡನ್ನು ಸೇರಿಸಿ ವಾಕ್ಯ ಮಾಡಲಿ. "ಕಸುಬು ಗಟ್ಟಿಯಾಗಿದ್ದು, ನಾವು ಮತ್ತೆ ನೋಡಲು ಇಷ್ಟಪಡುವ ಸಿನಿಮಾ" ಅನ್ನುವುದು ನನಗೆ ಇಷ್ಟವಾದ ವಾಕ್ಯ. ನಾಲ್ಕನ್ನೂ ಸೇರಿಸಲು ಹೋಗಬೇಡಿ, ಆಗ ಪ್ರತಿಯೊಬ್ಬರೂ ತಮ್ಮ ಸಿನಿಮಾಗೆ ಅನುಕೂಲವಾದ ತುಂಡನ್ನು ಮಾತ್ರ ಎತ್ತಿಕೊಂಡು ವಾದಿಸುತ್ತಾರೆ.

ಇದರ ಜೊತೆಗೇ ಇನ್ನೊಂದು ಪ್ರಶ್ನೆಯನ್ನೂ ಮುಗಿಸಿಬಿಡಿ. ನಿರ್ದೇಶಕರ ಅಥವಾ ನಟರ ನಡತೆಯ ಬಗ್ಗೆ ಗಂಭೀರ ತಕರಾರು ಇದ್ದರೆ ಆ ಸಿನಿಮಾ ಬರಬಹುದೇ? ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಆದರೆ ಒಬ್ಬರ ಅಚ್ಚುಮೆಚ್ಚಿನ ಸಿನಿಮಾ 3ನೇ ಸ್ಥಾನಕ್ಕೆ ಬಂದಮೇಲೆ ಈ ಮಾತು ಎತ್ತಿದರೆ ಅದು ತತ್ವದ ಮಾತಾಗಿ ಉಳಿಯುವುದಿಲ್ಲ, ಅವರ ಮೇಲೆ ಬೆರಳು ತೋರಿಸಿದ ಹಾಗೆ ಆಗುತ್ತದೆ.

4. ಉದ್ದದ ಪಟ್ಟಿ ಮಾಡಿ

ಪ್ರತಿಯೊಬ್ಬರೂ ಹದಿನೈದು ಹೆಸರು ಕೊಡಲಿ, ಒಬ್ಬರಿಗೊಬ್ಬರು ತೋರಿಸದೆ. ನೆನಪನ್ನು ಮಾತ್ರ ನಂಬಬೇಡಿ. ನೆನಪಿಗೆ ಮೊದಲು ಬರುವುದು ಇತ್ತೀಚೆಗೆ ನೋಡಿದ್ದು, ಜಾಸ್ತಿ ಸುದ್ದಿಯಾದದ್ದು. ಹತ್ತು ಹಾಳೆ ಇಟ್ಟುಕೊಂಡು, ಒಂದೊಂದು ವರ್ಷಕ್ಕೆ ಒಂದೊಂದು ಹಾಳೆ ಅಂತ ತುಂಬಿಸಿ. ದಶಕದ ಮೊದಲ ಮೂರು ವರ್ಷದ ಹಾಳೆಗಳು ಖಾಲಿ ಉಳಿದರೆ ಆಗ ಸಿನಿಮಾ ಬಂದಿಲ್ಲ ಅಂತಲ್ಲ, ನೀವು ಮರೆತಿದ್ದೀರಿ ಅಂತ. ಆಯಾ ವರ್ಷ ಬಿಡುಗಡೆಯಾದವುಗಳ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ, "ಅಯ್ಯೋ, ಇದೂ ಆಗಲೇ ಬಂದದ್ದಾ!" ಅನ್ನುವಂಥವು ಐದಾರಾದರೂ ಸಿಗುತ್ತವೆ.

ಹೆಸರುಗಳೆಲ್ಲ ಬಂದಮೇಲೆ ಸ್ಪ್ರೆಡ್‌ಶೀಟಿನಲ್ಲಿ ಹಾಕಿ, ಪ್ರತಿ ಸಿನಿಮಾದ ಮುಂದೆ ಯಾರು ಯಾರು ನೋಡಿದ್ದಾರೆ ಅಂತ ಗುರುತು ಮಾಡಿ. ಈ ಒಂದು ಕಾಲಂ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ. ಒಬ್ಬರೇ ನೋಡಿರುವ ಸಿನಿಮಾಗಳನ್ನು ಈಗಲೇ ಕೈಬಿಡಬೇಡಿ. ಆ ಒಬ್ಬರು "ಇದನ್ನು ನೀವು ನೋಡಲೇಬೇಕು" ಅಂತ ತಲಾ ಎರಡು ಸಿನಿಮಾ ಸೂಚಿಸಬಹುದು ಅಂತ ಇಡಿ, ಎಲ್ಲರೂ ಅವನ್ನು ನೋಡುವುದು ಕಡ್ಡಾಯ. ಈ ಇಡೀ ಕಸರತ್ತಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಭಾಗ ಇದು. ಇದಿಲ್ಲದೆ ಹೋದರೆ ಎಲ್ಲರೂ ಮೊದಲೇ ನೋಡಿದ್ದ ಹತ್ತು ಸಿನಿಮಾಗಳೇ ಗೆಲ್ಲುತ್ತವೆ.

5. ಮತ್ತೆ ನೋಡಿ

ಎಂಟು ವರ್ಷದ ಹಿಂದೆ ನೋಡಿದ ಸಿನಿಮಾಗೆ ಇವತ್ತು ಅಂಕ ಕೊಡುವಾಗ ನೀವು ಅಂಕ ಕೊಡುತ್ತಿರುವುದು ನೆನಪಿಗೆ. ಎಲ್ಲವನ್ನೂ ಮತ್ತೆ ನೋಡಲು ಸಮಯ ಇರುವುದಿಲ್ಲ, ಸರಿ. ನಿಮ್ಮ ಮೊದಲ ಐದರಲ್ಲಿ ಬರುವಂಥವು ಮತ್ತು ನೀವು ಬಲವಾಗಿ ವಿರೋಧಿಸುವ ಒಂದೆರಡು, ಇಷ್ಟನ್ನಾದರೂ ಮತ್ತೆ ನೋಡಿ. ಎರಡನೆಯ ಗುಂಪನ್ನು ಬಿಡಬೇಡಿ. ಬೇಡ ಅನ್ನಿಸಿದ್ದ ಸಿನಿಮಾ ಈಗ ಬೇರೆಯಾಗಿಯೇ ಕಾಣಬಹುದು. ಅಂದು ದಣಿದು ನೋಡಿದ್ದಿರಬಹುದು, ವಯಸ್ಸು ಚಿಕ್ಕದಿದ್ದಿರಬಹುದು.

ಎಡವುವ ಜಾಗ: ಒಂದು ಸಿನಿಮಾವನ್ನು ದೊಡ್ಡ ತೆರೆಯಲ್ಲಿ, ಇನ್ನೊಂದನ್ನು ಫೋನಿನಲ್ಲಿ ಬಿಟ್ಟು ಬಿಟ್ಟು ನೋಡಿ ಹೋಲಿಸುವುದು. ಶಬ್ದ ಮತ್ತು ಚಿತ್ರದ ಮೇಲೆ ನಿಂತ ಸಿನಿಮಾಗೆ ಇದರಿಂದ ಅನ್ಯಾಯವಾಗುತ್ತದೆ. ಸಾಧ್ಯವಿರುವ ದೊಡ್ಡ ತೆರೆ, ಒಂದೇ ಕೂತು, ಫೋನ್ ದೂರ.

6. ನಿಮ್ಮ ಸ್ವಂತ ಪಟ್ಟಿಯನ್ನು ಕ್ರಮಕ್ಕೆ ಹಾಕಿ

ಮೂವತ್ತು ಸಿನಿಮಾ ಎದುರಿಗಿದ್ದಾಗ "ನನ್ನ 17ನೆಯದು ಯಾವುದು" ಅಂತ ಯೋಚಿಸಿದರೆ ತಲೆ ಕೆಡುತ್ತದೆ. ಮೂರು ಗುಡ್ಡೆ ಮಾಡಿ: ಖಂಡಿತ ಬೇಕು, ನೋಡೋಣ, ಬೇಡ. ಆಮೇಲೆ ಮೊದಲ ಎರಡು ಗುಡ್ಡೆಗಳಲ್ಲಿ ಎರಡೆರಡನ್ನೇ ಹೋಲಿಸುತ್ತಾ ಹೋಗಿ.

ಎಲ್ಲ ಜೋಡಿಗಳನ್ನೂ ಹೋಲಿಸಬೇಕಿಲ್ಲ. 30 ಸಿನಿಮಾಗಳಿಗೆ 435 ಜೋಡಿ ಆಗುತ್ತವೆ, ಯಾರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಸುಲಭ ದಾರಿ ಇದೆ. ಒಂದೊಂದೇ ಸಿನಿಮಾ ತೆಗೆದುಕೊಂಡು, ಆಗಲೇ ಕ್ರಮಕ್ಕೆ ಬಂದಿರುವ ಪಟ್ಟಿಯ ನಡುವಿನದಕ್ಕೆ ಹೋಲಿಸಿ. ಅದಕ್ಕಿಂತ ಮೇಲಾದರೆ ಮೇಲಿನ ಅರ್ಧದ ನಡುವಿನದಕ್ಕೆ, ಕೆಳಗಾದರೆ ಕೆಳಗಿನ ಅರ್ಧದ ನಡುವಿನದಕ್ಕೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 30ರ ಪಟ್ಟಿಯಲ್ಲಿ ಒಂದು ಸಿನಿಮಾಗೆ ಜಾಗ ಹುಡುಕಲು ಹೆಚ್ಚೆಂದರೆ ಐದು ಹೋಲಿಕೆ ಸಾಕು.

ಮೊದಲ ಹತ್ತಕ್ಕೆ ಬಂದ ಪ್ರತಿ ಸಿನಿಮಾದ ಮುಂದೆ "ಯಾಕೆ" ಅಂತ ಒಂದು ವಾಕ್ಯ ಬರೆಯಿರಿ. "ಸೂಪರ್", "ಮೇಕಿಂಗ್ ಚೆನ್ನಾಗಿದೆ" ಅಂತ ಅಲ್ಲ. ಒಂದು ದೃಶ್ಯ, ಒಂದು ಮೌನ, ಒಂದು ಕಟ್ ಹೆಸರಿಸಿ ಬರೆಯಿರಿ. ಬರೆಯಲು ಆಗಲಿಲ್ಲ ಅಂದರೆ ಆ ಸಿನಿಮಾ ನಿಮ್ಮ ಮೊದಲ ಹತ್ತರಲ್ಲಿ ಬೇರೆ ಯಾರದೋ ಮಾತು ಕೇಳಿ ಬಂದು ಕೂತಿದೆ ಅಂತ ಅನುಮಾನ ಪಡಿ.

7. ಎಣಿಸುವ ವಿಧಾನ ಆರಿಸಿ, ಚೀಟಿ ತೆರೆಯುವ ಮುಂಚೆಯೇ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅದೇ ಜನ, ಅದೇ ಚೀಟಿಗಳು, ಎಣಿಸುವ ವಿಧಾನ ಬೇರೆಯಾದರೆ ಗೆಲ್ಲುವ ಸಿನಿಮಾವೂ ಬೇರೆ.

ಸರಳವಾದದ್ದು ಒಂದು ಹೆಸರಿಗೆ ಒಂದು ಮತ. 'ಸೈಟ್ ಅಂಡ್ ಸೌಂಡ್' ಮಾಡುವುದು ಇದನ್ನೇ. ಪ್ರತಿಯೊಬ್ಬರೂ ಹತ್ತು ಹೆಸರು ಕೊಡುತ್ತಾರೆ, ಆ ಹತ್ತರೊಳಗೆ ಮೇಲು ಕೆಳಗು ಇಲ್ಲ. ನೂರಾರು ಜನ ಮತ ಹಾಕುವಾಗ ಇದು ಚೆನ್ನ. ಎಂಟು ಜನರ ಗುಂಪಿನಲ್ಲಿ ಮಾತ್ರ ಐದು ಸಿನಿಮಾಗಳಿಗೆ ನಾಲ್ಕು ನಾಲ್ಕು ಮತ ಬಂದು ಎಲ್ಲವೂ ಸಮ ಆಗಿಬಿಡುತ್ತವೆ.

ಎರಡನೆಯದು ಅಂಕ ಕೊಡುವುದು: ಮೊದಲ ಸ್ಥಾನಕ್ಕೆ 10, ಎರಡನೆಯದಕ್ಕೆ 9, ಹೀಗೆ. 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಹೆಸರಿನಲ್ಲಿ ಇದನ್ನು ಬೋರ್ಡಾ ಎಣಿಕೆ ಅನ್ನುತ್ತಾರೆ. ಚಿಕ್ಕ ಗುಂಪಿಗೆ ಇದು ಹೊಂದುತ್ತದೆ, ಆದರೆ ಅದರ ಗುಣ ಏನು ಅಂತ ತಿಳಿದು ಬಳಸಿ. ಐದು ಜನ, ಮೂರು ಸಿನಿಮಾ ಅಂದುಕೊಳ್ಳಿ: ಕ, ಗ, ಜ. ಮೂವರು ಕ, ಗ, ಜ ಅಂತ ಬರೆದರು. ಇಬ್ಬರು ಗ, ಜ, ಕ ಅಂತ ಬರೆದರು. ಅಂಕ 3, 2, 1. ಆಗ ಕ ಸಿನಿಮಾಗೆ 11, ಗ ಸಿನಿಮಾಗೆ 12, ಜ ಸಿನಿಮಾಗೆ 7. ಗೆದ್ದದ್ದು ಗ. ಆದರೆ ಐವರಲ್ಲಿ ಮೂವರು ಕ ಸಿನಿಮಾವನ್ನೇ ಮೊದಲು ಇಟ್ಟಿದ್ದರು! ಇದು ತಪ್ಪು ಅಂತಲ್ಲ. ಯಾರಿಗೂ ಬೇಡವೆನಿಸದ ಸಿನಿಮಾಗೆ ಈ ವಿಧಾನ ಒಲಿಯುತ್ತದೆ, ಕೆಲವರು ಪ್ರಾಣ ಬಿಡುವ, ಕೆಲವರು ಮುಖ ತಿರುಗಿಸುವ ಸಿನಿಮಾ ಕೆಳಗೆ ಹೋಗುತ್ತದೆ. ನಿಮಗೆ ಅದೇ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ಮೊದಲ ಸ್ಥಾನಕ್ಕೆ ಒಂದೇ ಹೆಸರು ಬೇಕಿದ್ದರೆ ಮೂರನೆಯ ದಾರಿ ಇದೆ. ಎಲ್ಲರೂ ಕ್ರಮವಾಗಿ ಬರೆದ ಚೀಟಿಗಳಲ್ಲಿ ಮೊದಲ ಸ್ಥಾನದ ಮತ ಕಡಿಮೆ ಇರುವ ಸಿನಿಮಾವನ್ನು ತೆಗೆದುಹಾಕಿ, ಆ ಚೀಟಿಗಳನ್ನು ಅವರ ಮುಂದಿನ ಆಯ್ಕೆಗೆ ಕೊಡುವುದು. ಯಾವುದೋ ಒಂದು ಅರ್ಧಕ್ಕಿಂತ ಜಾಸ್ತಿ ಮತ ಪಡೆಯುವವರೆಗೆ ಇದು ನಡೆಯುತ್ತದೆ. ಆಸ್ಕರ್‌ನ ಅತ್ಯುತ್ತಮ ಚಿತ್ರವನ್ನು 2009ರ ಚಿತ್ರಗಳಿಂದ ಈಚೆಗೆ ಹೀಗೇ ಆರಿಸುತ್ತಿದ್ದಾರೆ.

ಇನ್ನು ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ ಸರಾಸರಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಇಬ್ಬರೇ ನೋಡಿ ಇಬ್ಬರೂ 9 ಕೊಟ್ಟ ಸಿನಿಮಾದ ಸರಾಸರಿ 9. ಹತ್ತು ಜನ ನೋಡಿದ ಇನ್ನೊಂದರ ಸರಾಸರಿ 8.2. ಮೊದಲನೆಯದು ನಿಜವಾಗಿ ಮೇಲೇ? ಅದನ್ನು ಹುಡುಕಿ ನೋಡಿದವರು ಸಾಮಾನ್ಯವಾಗಿ ಅಂಥದ್ದನ್ನು ಇಷ್ಟಪಡುವವರೇ. ಇದನ್ನು ಸರಿ ಮಾಡಲು ಪ್ರತಿ ಸಿನಿಮಾಗೂ ಮೂರು ಕಾಲ್ಪನಿಕ ಮತ ಸೇರಿಸಿ, ಬೆಲೆ ನಿಮ್ಮ ಗುಂಪಿನ ಒಟ್ಟು ಸರಾಸರಿ. ಆ ಸರಾಸರಿ 6.5 ಇದ್ದರೆ ಮೊದಲ ಸಿನಿಮಾ 7.5ಕ್ಕೆ ಬರುತ್ತದೆ, ಎರಡನೆಯದು ಸುಮಾರು 7.8ಕ್ಕೆ ನಿಲ್ಲುತ್ತದೆ. ಐಎಂಡಿಬಿಯ ಟಾಪ್ 250 ಪಟ್ಟಿಯ ಹಿಂದೆಯೂ ಸರಳ ಸರಾಸರಿ ಇಲ್ಲ, ಇಂಥದ್ದೇ ತೂಕದ ಸರಾಸರಿ ಇದೆ. ಕನಿಷ್ಠ 25,000 ಮತ ಇಲ್ಲದ ಸಿನಿಮಾವನ್ನು ಅಲ್ಲಿ ಪರಿಗಣಿಸುವುದೂ ಇಲ್ಲ.

ಸಮ ಅಂಕ ಬಂದರೆ? ಹೆಚ್ಚು ಚೀಟಿಗಳಲ್ಲಿ ಹೆಸರಿರುವುದು ಮೇಲೆ. ಅದೂ ಸಮವಾದರೆ ಎರಡಕ್ಕೂ ಒಂದೇ ಸ್ಥಾನ ಕೊಟ್ಟು ಮುಂದೆ ಹೋಗಿ.

8. ವಾದ ಮೊದಲು, ಮತ ಆಮೇಲೆ

ತುಂಬಾ ಗುಂಪುಗಳು ಮತ ಎಣಿಸಿ, ಫಲಿತಾಂಶ ಹೇಳಿ, ಆಮೇಲೆ ವಾದಕ್ಕೆ ಇಳಿಯುತ್ತವೆ. ಆಗ ಸೋತವರು ಕೋಪದಲ್ಲಿ ಮಾತಾಡುತ್ತಾರೆ, ಗೆದ್ದವರು ಕೇಳುವುದೇ ಇಲ್ಲ. ಮಾತೆಲ್ಲ ಮುಗಿದ ಮೇಲೆ ಚೀಟಿ ಬರೆಯಿಸಿ. ಚೀಟಿ ಗುಟ್ಟಾಗಿರಲಿ, ಜೋರಾಗಿ ಹೇಳಿಸಿದರೆ ಮೊದಲಿಬ್ಬರ ಮಾತು ಉಳಿದವರನ್ನು ಎಳೆದುಕೊಂಡು ಹೋಗುತ್ತದೆ.

ವಾದಕ್ಕೆ ನಾವು ನಮ್ಮ ಗುಂಪಿನಲ್ಲಿ ಇಟ್ಟುಕೊಂಡ ಕಟ್ಟುಪಾಡುಗಳು ಇವು. ಸಿನಿಮಾ ಪರ ಇರುವವರು ಮೊದಲು ಮೂರು ನಿಮಿಷ ಮಾತಾಡುತ್ತಾರೆ, ಯಾರೂ ಮಧ್ಯೆ ಬಾಯಿ ಹಾಕುವಂತಿಲ್ಲ. ವಿರೋಧಿಸುವವರು, ತಮ್ಮ ಮಾತಿಗೆ ಮುಂಚೆ, ಆ ಸಿನಿಮಾದ ಬಲ ಏನು ಅಂತ ಎದುರಿನವರು "ಹೌದು, ಅದೇ" ಅನ್ನುವ ಹಾಗೆ ಹೇಳಬೇಕು. ಇದೊಂದರಿಂದ ನಮ್ಮ ಸಂಜೆಗಳ ಬಣ್ಣವೇ ಬದಲಾಯಿತು. ಸಿನಿಮಾ ನೋಡದವರು ಕೇಳಬಹುದು, ವಾದಿಸಬಾರದು. ನೋಡದವರು ಕೂತಿದ್ದರೆ ಕೊನೆಯ ತಿರುವನ್ನು ಹೇಳುವ ಮುಂಚೆ ಅವರ ಒಪ್ಪಿಗೆ ಕೇಳಿ.

"ಓವರ್‌ರೇಟೆಡ್" ಅನ್ನುವ ಪದವನ್ನು ನಾವು ಬಿಟ್ಟೇಬಿಟ್ಟೆವು. ಅದು ಬೇರೆಯವರು ಸಿನಿಮಾವನ್ನು ಎಷ್ಟು ಹೊಗಳಿದರು ಅನ್ನುವುದರ ಬಗ್ಗೆ ಹೇಳುತ್ತದೆ, ತೆರೆಯ ಮೇಲೆ ಏನಿದೆ ಅನ್ನುವುದರ ಬಗ್ಗೆ ಅಲ್ಲ. ಗಳಿಕೆಯೂ ಅಷ್ಟೇ, ಪ್ರಶಸ್ತಿಯೂ ಅಷ್ಟೇ. 3ನೇ ಹಂತದ ವಾಕ್ಯದಲ್ಲಿ ಅವು ಇಲ್ಲದಿದ್ದರೆ ವಾದದಲ್ಲೂ ಇರಬಾರದು. 'ದಿ ಶಾಶಾಂಕ್ ರಿಡೆಂಪ್ಶನ್' 1994ರಲ್ಲಿ ಚಿತ್ರಮಂದಿರಗಳಲ್ಲಿ ಸೋತ ಸಿನಿಮಾ, ಇವತ್ತು ಅದನ್ನು ಮೆಚ್ಚುವವರು ಎಷ್ಟು ಜನ ಅಂತ ನಿಮಗೇ ಗೊತ್ತು.

ಎಡವುವ ಜಾಗ: ತಂತ್ರದ ಮತ. ತನ್ನ ಸಿನಿಮಾ ಗೆಲ್ಲಲಿ ಅಂತ, ನಿಜವಾಗಿ ಇಷ್ಟಪಟ್ಟ ಎದುರಾಳಿ ಸಿನಿಮಾವನ್ನು ಚೀಟಿಯಿಂದಲೇ ಬಿಡುವುದು. ಅಂಕದ ವಿಧಾನದಲ್ಲಿ ಇದು ಸುಲಭ. ಚೀಟಿಗಳನ್ನು ಫಲಿತಾಂಶದ ಜೊತೆ ಹೆಸರು ಸಮೇತ ಎಲ್ಲರಿಗೂ ತೋರಿಸುತ್ತೇವೆ ಅಂತ ಮೊದಲೇ ಹೇಳಿಬಿಟ್ಟರೆ ಬಹುತೇಕ ನಿಂತುಹೋಗುತ್ತದೆ. ಬರೆಯುವಾಗ ಗುಟ್ಟು, ಎಣಿಸಿದ ಮೇಲೆ ಬಹಿರಂಗ.

9. ಪಟ್ಟಿಯ ಜೊತೆ ಇವನ್ನೂ ಎತ್ತಿಡಿ

ಕೊನೆಯ ಹತ್ತು ಹೆಸರು ಮಾತ್ರ ಬರೆದಿಟ್ಟು ಉಳಿದದ್ದನ್ನು ಅಳಿಸಬೇಡಿ. ನಿಯಮದ ಹಾಳೆ, ಪ್ರತಿಯೊಬ್ಬರ ಚೀಟಿ, "ಯಾಕೆ" ಅನ್ನುವ ವಾಕ್ಯಗಳು, ತಾರೀಖು, ಎಲ್ಲವೂ ಇರಲಿ. ಹತ್ತಕ್ಕೆ ಬಾರದೆ ಹೋದ, ಆದರೆ ಒಬ್ಬರಾದರೂ ಮೊದಲ ಸ್ಥಾನ ಕೊಟ್ಟ ಸಿನಿಮಾಗಳನ್ನು ಬೇರೆ ಪಟ್ಟಿ ಮಾಡಿ. ನಮ್ಮಲ್ಲಿ ಎಲ್ಲರೂ ಆಮೇಲೆ ಹುಡುಕಿಕೊಂಡು ಹೋಗಿ ನೋಡುವುದು ಆ ಪಟ್ಟಿಯನ್ನೇ.

ಐದು ವರ್ಷ ಬಿಟ್ಟು ಅದೇ ದಶಕಕ್ಕೆ, ಹಳೆಯ ಚೀಟಿ ನೋಡದೆ, ಇನ್ನೊಮ್ಮೆ ಮತ ಹಾಕಿ. ಹಿಚ್‌ಕಾಕ್ ಅವರ 'ವರ್ಟಿಗೋ' 1958ರಲ್ಲಿ ಬಂದಾಗ ವಿಮರ್ಶೆಗಳು ಮಿಶ್ರವಾಗಿದ್ದವು, ಆಮೇಲೆ ಹಲವು ವರ್ಷ ಅದು ನೋಡಲು ಸಿಗುತ್ತಲೂ ಇರಲಿಲ್ಲ. 'ಸೈಟ್ ಅಂಡ್ ಸೌಂಡ್' ಪಟ್ಟಿಯಲ್ಲಿ 1982ಕ್ಕೆ 7ನೇ ಸ್ಥಾನ, 1992ಕ್ಕೆ 4, 2002ಕ್ಕೆ 2, 2012ಕ್ಕೆ 1. 2022ರಲ್ಲಿ ಮತ್ತೆ ಎರಡಕ್ಕೆ ಬಂತು, ಮೊದಲ ಸ್ಥಾನಕ್ಕೆ ಶಾಂತಾಲ್ ಅಕೆರ್ಮನ್ ಅವರ 1975ರ 'ಜಾನ್ ಡೀಲ್‌ಮನ್' ಬಂತು. ಆ ಪತ್ರಿಕೆ ಪ್ರತಿ ಸಲದ ಲೆಕ್ಕವನ್ನೂ ಉಳಿಸಿಕೊಂಡಿರುವುದರಿಂದಲೇ ಈ ಏರಿಳಿತ ಇವತ್ತು ನಮಗೆ ಕಾಣುತ್ತಿದೆ. ನಿಮ್ಮ ಸ್ಪ್ರೆಡ್‌ಶೀಟಿಗೂ ಒಂದು ಪ್ರತಿ ಮಾಡಿ, ಇಬ್ಬರ ಬಳಿ ಇಡಿ.